ನುಚ್ಚಿನ ತಟ್ಟೆ

ಕೌಸಲ್ಯಾಗೆ ತವರು ಇರಲಿಲ್ಲ. ಇದ್ದಿದ್ದರೆ ಅತ್ತೆ ಅಮ್ಮಣ್ಣಿ, ಮಗನ ಮುಂದಿದ್ದ ತಟ್ಟೆಯನ್ನು ಕಿತ್ತು ಬಚ್ಚಲಿಗೆ ಎಸೆಯುವ ಮುಂಚೆ ಸ್ವಲ್ಪ ಯೋಚಿಸುತ್ತಿದ್ದಳೇನೋ. ಗೋದಿ ನುಚ್ಚಿನ ಉಪ್ಪಿಟ್ಟು ಬಚ್ಚಲ ಕಲ್ಲಿನ ಮೇಲೆ ಹರಡಿತು. ಅದರಲ್ಲಿ ನುಚ್ಚಿಗಿಂತ ಹುರುಳಿಕಾಯಿ, ಕೋಸೇ ಜಾಸ್ತಿ ಇತ್ತು.

"ನನ್ನ ತಟ್ಟೇದನ್ನ ಅವನ ತಟ್ಟೆಗೆ ಹಾಕ್ತೀಯೇನೇ?" ಅಂದಳು ಅಮ್ಮಣ್ಣಿ. "ಇವನಪ್ಪ ಹೋದಾಗಿನಿಂದ ಇಪ್ಪತ್ತೆರಡು ವರ್ಷ ನಾನು ರಾತ್ರಿ ಅನ್ನ ಮುಟ್ಟಿಲ್ಲ. ಇದೇ ಉಪ್ಪಿಟ್ಟು ತಿಂದ್ಕೊಂಡು ಬಿದ್ದಿದೀನಿ. ನಿನ್ನ ಗಂಡನಿಗೂ ಮುಂಡೆ ಫಲಾಹಾರವಾ? ತಾಳಿ ಬಿಚ್ಚೋಕೆ ಅಷ್ಟು ಅವಸರವಾ ನಿಂಗೆ?"

"ಡಾಕ್ಟರು ಹೇಳಿದ್ದು ಅತ್ತೆ. ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಬಿಡದಿದ್ರೆ ಗಾಯ ಮಾಯಲ್ಲ, ಕಾಲೇ ತೆಗೀಬೇಕಾಗುತ್ತೆ ಅಂದ್ರು. ಬೇಕಾದ್ರೆ ಇವರನ್ನೇ ಕೇಳಿ."

ಸತ್ಯಮೂರ್ತಿ ಎಡಗಾಲನ್ನು ಪಂಚೆಯೊಳಗೆ ಎಳೆದುಕೊಂಡ. ಪರೇಲಿನ ಮಿಲ್ಲೊಂದರಲ್ಲಿ ಅವನು ಗುಮಾಸ್ತ. ಹೊಸ ಬೂಟು ಹೆಬ್ಬೆರಳನ್ನು ಕಚ್ಚಿ ಇಪ್ಪತ್ತು ದಿನವಾಗಿತ್ತು. ಗಾಯ ಇನ್ನೂ ಒಸರುತ್ತಿತ್ತು.

"ಡಾಕ್ಟರುಗಳು ಹಂಗೇ ಕಣೇ. ಫೀಸು ತಗೊಂಡ ಮೇಲೆ ಹೆದರಿಸದೆ ಇದ್ರೆ ಆಗುತ್ತಾ? ಅಮ್ಮಾ, ಅನ್ನ ಇದೆಯಾ?"

ಇತ್ತು. ಅಮ್ಮಣ್ಣಿ ತನ್ನ ಮಣೆಯ ಹಿಂದೆ ಮುಚ್ಚಿಟ್ಟಿದ್ದಳು.

ಕೌಸಲ್ಯಾ ಮತ್ತೆ ಮೂರು ಸಂಜೆ ಅದನ್ನೇ ಮಾಡಿದಳು. ಜೋಗೇಶ್ವರಿಯಲ್ಲಿ ಅವರಿದ್ದ ಸಾಲು ಕೋಣೆಗಳ ಚಾಳಿನಲ್ಲಿ ನಲ್ಲಿ ನೀರು ಹಿಡಿದು ಮುಗಿಸಿದರೆ, ಗಂಡನ ಲೋಕಲ್ ರೈಲು ಬರುವುದಕ್ಕೆ ಅರ್ಧ ಗಂಟೆ ಉಳಿಯುತ್ತಿತ್ತು. ನುಚ್ಚನ್ನು ಎಣ್ಣೆಯಿಲ್ಲದೆ ಹುರಿದಳು. ಒಂದು ಬಟ್ಟಲು ನುಚ್ಚಿಗೆ ಎರಡು ಬಟ್ಟಲು ತರಕಾರಿ ಹಾಕಿದಳು. ಸಾಸಿವೆ, ಕರಿಬೇವಿನ ಒಗ್ಗರಣೆಗೆ ನೀರು ಹೊಯ್ದು, ಕುದಿ ಬಂದಾಗ ನುಚ್ಚು ಸುರಿದು ಮುಚ್ಚಿದಳು. ಮೂರು ಸಲವೂ ಅದು ಬಚ್ಚಲಿಗೇ ಹೋಯಿತು.

ಮೂರನೆಯ ಸಂಜೆ ಅಮ್ಮಣ್ಣಿ ಕೂಗಾಡಲಿಲ್ಲ.

"ನಾಳೆ ಈ ನುಚ್ಚು ಒಲೆ ಮೇಲೆ ಕಂಡ್ರೆ ನಿನ್ನ ಟ್ರಂಕು ನಾನೇ ಹೊರಗಿಡ್ತೀನಿ. ಎಲ್ಲಿಗೆ ಹೋಗೋದು ಅಂತ ಸ್ಟೇಷನ್ನಲ್ಲಿ ನಿಂತ್ಕೊಂಡು ಯೋಚನೆ ಮಾಡು."

ಕೌಸಲ್ಯಾ ಗಂಡನ ಮುಖ ನೋಡಿದಳು. ಅವನು ಅನ್ನ ಕಲಸುತ್ತಿದ್ದ.

"ಉಪ್ಪಿನಕಾಯಿ ಹಾಕು," ಅಂದ.

ಮಾರನೆಯ ದಿನದಿಂದ ಅವಳು ಅನ್ನವನ್ನೇ ಬಡಿಸಿದಳು. ಕೇಳುವ ಮುಂಚೆಯೇ ಬಡಿಸಿದಳು. ಸಾಕು ಅಂದ ಮೇಲೂ ಒಂದು ಸೌಟು ಬಡಿಸಿದಳು. "ಈಗ ಬುದ್ಧಿ ಬಂತು ನೋಡಿ," ಅಂತ ಅಮ್ಮಣ್ಣಿ ಎದುರು ಖೋಲಿಯ ಶೀಲಾವತಿಗೆ ಹೇಳಿದಳು.

ಗಾಯ ತೊಳೆಯುವುದೂ ಕೌಸಲ್ಯಾಳದೇ ಕೆಲಸ. ಹೆಬ್ಬೆರಳಿನ ಅಂಚು ಕಪ್ಪಾಗುತ್ತಿರುವುದನ್ನು ಮೊದಲು ಕಂಡವಳು ಅವಳು.

"ವಾಸಿಯಾಗ್ತಿದೆಯೇನೇ?" ಅಂದ ಸತ್ಯಮೂರ್ತಿ.

"ನೋವಿದೆಯಾ?"

"ಇಲ್ಲ."

"ಹಾಗಾದ್ರೆ ಆಗ್ತಿದೆ," ಅಂದು ಬಟ್ಟೆ ಬಿಗಿದು ಕಟ್ಟಿ ಎದ್ದಳು.

ವಾಸನೆ ಪಕ್ಕದ ಖೋಲಿಗಳಿಗೆ ಮುಟ್ಟಿದ ಮೇಲೆ ಚಾಳಿನವರೇ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ವಾರ್ಡಿನ ಬಾಗಿಲಲ್ಲಿ ಅಮ್ಮಣ್ಣಿ ಸೊಸೆಯ ತೋಳು ಹಿಡಿದುಕೊಂಡಳು.

"ನಂಗೆ ಹಿಂದಿ ಬರಲ್ಲ. ರಾತ್ರಿ ಅನ್ನ ಕೊಡ್ತಾರಾ ಅಂತ ಆ ನರ್ಸಮ್ಮನ್ನ ಕೇಳೇ."

ಕೌಸಲ್ಯಾ ಕೇಳಿದಳು. ನರ್ಸು ಹಾಸಿಗೆಯ ಸುತ್ತ ಪರದೆ ಎಳೆದಳು.

ಮೊದಲ ಸಲ ಎರಡು ಬೆರಳು ತೆಗೆದರು. ಎರಡನೆಯ ಸಲ ಪಾದ. ಮೂರನೆಯ ಸಲ ಮೊಣಕಾಲಿನವರೆಗೆ.