ಮೂಲೆಯ ಕಲೆ

ಮಣಿಪಾಲದ ಗ್ಯಾಲರಿಯಲ್ಲಿ ಯಾವ ಗೋಡೆ ನೋಡಿದರೂ ಕಾಪುವಿನ ಅದೇ ದೀಪಸ್ತಂಭ. ತೀರಿಹೋದ ಚಿತ್ರಕಾರ ಭುಜಂಗರಿಗೆ ನಮನವೆಂದು ಉಡುಪಿಯ ಕಲಾವಿದರ ಬಳಗವೊಂದು ಅವರ ಪ್ರಸಿದ್ಧ ಚಿತ್ರವನ್ನು ಒಬ್ಬೊಬ್ಬರೂ ನಕಲು ಮಾಡಿ ತೂಗುಹಾಕಿತ್ತು. ನಡುವೆ ಮೂಲ ಚಿತ್ರ. ಮುಂದಿನ ಸಾಲಿನಲ್ಲಿ ಭುಜಂಗರ ಹೆಂಡತಿ ಕುಶಲಾ ಮುಖ ಗಂಟಿಕ್ಕಿಕೊಂಡು ಕೂತಿದ್ದಳು.

“ಈ ಮೂಲೆಯ ಕೆಂಪನ್ನು ನೋಡಿ,” ಎಂದು ಸಂಘಟಕ ಜಿತೇಶ್ ಮೈಕಿನಲ್ಲಿ ಹೇಳುತ್ತಿದ್ದ. “ಇದು ಕಡಲಿನ ಗಾಯ. ಭುಜಂಗರು ಮಾತ್ರ ಕಂಡ ಕೆಂಪು. ಇದನ್ನು ಹಿಡಿಯಲು ನಾವೆಲ್ಲ ತಿಂಗಳುಗಟ್ಟಲೆ ಒದ್ದಾಡಿದ್ದೇವೆ.”

ಕುಶಲಾಳಿಗೆ ಮೈಯೆಲ್ಲ ಉರಿಯಿತು. ಉದ್ಯಾವರದ ಮನೆಯಲ್ಲಿ ಆ ಚಿತ್ರ ಮುಗಿದ ಮಧ್ಯಾಹ್ನ, ಊಟ ಬಡಿಸಲು ಬಂದವಳು, “ಆಕಾಶ ಸ್ವಲ್ಪ ಸಪ್ಪೆಯಾಯಿತಲ್ವಾ?” ಎಂದಿದ್ದಳು.

“ಮೀನು ಬೇಯಿಸುವವಳಿಗೆ ಚಿತ್ರದ ಸುದ್ದಿ ಎಂತಕ್ಕೆ?” ಎಂದಿದ್ದರು ಭುಜಂಗ.

ಅವಳ ಕೈಯ ಬಟ್ಟಲು ಹಾರಿತ್ತು. ಅವರು ತಪ್ಪಿಸಿಕೊಂಡರು, ಚಿತ್ರ ತಪ್ಪಿಸಿಕೊಳ್ಳಲಿಲ್ಲ. ಒರೆಸುವ ಮೊದಲೇ ಮನೆಗೆ ಬಂದ ವಿಮರ್ಶಕರೊಬ್ಬರು ಕಲೆಯನ್ನೇ ಕಲೆಯೆಂದು ಹೊಗಳಿಬಿಟ್ಟರು. ಭುಜಂಗ ಸಾಯುವ ತನಕ ನಿಜ ಬಾಯಿಬಿಡಲಿಲ್ಲ.

“ಕುಶಲಕ್ಕ, ಎರಡು ಮಾತು ಹೇಳಿ,” ಎಂದು ಜಿತೇಶ್ ಮೈಕ್ ಕೊಟ್ಟ.

“ಎಂತ ಗಾಯ ಮಾರಾಯ? ಅದು ನಾನು ಅವರ ಮುಖಕ್ಕೆ ಎಸೆದ ಬಂಗುಡೆ ಸಾರು.”

ಜಿತೇಶ್ ಗಾಬರಿಯಿಂದ ಮೈಕಿಗೆ ಕೈಹಾಕಿದ. ಅವಳು ಬಿಡಲಿಲ್ಲ. ಗೋಡೆಯ ನಕಲುಗಳನ್ನೆಲ್ಲ ಒಂದು ಕಡೆಯಿಂದ ದುರುಗುಟ್ಟಿ ನೋಡಿದಳು.

“ನಕಲು ಮಾಡುವುದಾದರೆ ಸರಿಯಾಗಿ ಮಾಡಿ. ನಾನು ಮೆಣಸು ಇಷ್ಟು ಕಡಿಮೆ ಹಾಕುವವಳಲ್ಲ.”