ಹೊನ್ನವ್ವ ಬಳೆ ತೆಗೆದ ಮಧ್ಯಾಹ್ನ

ಕನ್ನೊಳ್ಳಿಯ ಹೊನ್ನವ್ವ ಬರುವುದಕ್ಕೆ ಮೊದಲು ಅವಳ ಬಳೆಗಳ ಸದ್ದು ಬರುತ್ತಿತ್ತು. ಮೊಣಕೈವರೆಗೆ ತುಂಬಿದ ಆ ಹಸಿರು ಗಾಜು ಅವಳ ಮುತ್ತೈದೆತನದ ಗರ್ವ; ಒಂದು ಬಳೆ ಒಡೆದರೂ ಅಶುಭವೆಂದು ‘ಒಡೆಯಿತು’ ಎನ್ನದೆ ‘ಹೆಚ್ಚಾತು’ ಎನ್ನುವ, ಹೊಸದು ಏರಿಸುವ ತನಕ ಗಂಡ ಬಸಂತರಾಯನಿಗೆ ಊಟ ಬಡಿಸದ ಹಟಮಾರಿ ಆಕೆ. ನಡಿಗೆ ಬಿರುಸು, ಮಾತು ಅದಕ್ಕಿಂತ ಬಿರುಸು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಸೊಸೆ ಸಿದ್ದವ್ವ ಏಳು ತಿಂಗಳಿಗೇ ಹೆತ್ತಳು. ಅಂಗೈಯಗಲದ ಕೂಸನ್ನು ಸೊಲ್ಲಾಪುರದ ದವಾಖಾನೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮ್ಲಜನಕ ಕೊಟ್ಟು ಉಳಿಸಿದರು. ಕಳಿಸಿಕೊಡುವಾಗ ಡಾಕ್ಟರು ಎಚ್ಚರಿಸಿದ್ದರು: ತಿಂಗಳು ತುಂಬದೆ ಬಂದ ಕೂಸಿನ ಕಣ್ಣು ಒಳಗೊಳಗೆ ಇನ್ನೂ ಬೆಳೆಯುತ್ತಿರುತ್ತದೆ, ಉಸಿರು ಉಳಿಸಿದ ಗಾಳಿಯೇ ಒಮ್ಮೊಮ್ಮೆ ಆ ಬೆಳವಣಿಗೆಯನ್ನು ಕೆಡಿಸುತ್ತದೆ, ಬೆಳಕಿನತ್ತ ನೋಡುತ್ತದೋ ಇಲ್ಲವೋ ಗಮನಿಸುತ್ತಿರಿ ಎಂದು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರದು ಉಳಿಯುವುದಿಲ್ಲ ಎಂಬ ಮಾತನ್ನು ನಂಬಿದ ಮನೆಗೆ ಕೂಸು ಉಳಿದದ್ದೇ ಸಾಕಾಗಿತ್ತು. ದೃಷ್ಟಿಯಾದೀತೆಂದು ಹೆದರಿ, ತಿಂಗಳುಗಳು ಕಳೆದರೂ ಅದನ್ನು ಬಾಣಂತಿಯ ಕತ್ತಲೆ ಕೋಣೆಯಿಂದ ಹೊರಗೆ ತರಲಿಲ್ಲ. ಹೊನ್ನವ್ವ ಒಳಗೆ ಬಂದರೆ ಮಾತ್ರ ಅದು ತಟ್ಟನೆ ಅವಳತ್ತ ತಿರುಗಿ ನಗುತ್ತಿತ್ತು. ಅಜ್ಜಿಯ ಗುರುತು ಹಿಡಿಯಿತೆಂದು ಮನೆಯೆಲ್ಲ ಹಿಗ್ಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಗೋಡೆಯಾಚೆ ಮಜ್ಜಿಗೆ ಕಡೆಯುತ್ತಿದ್ದಳು. ಕೂಸು ಗೋಡೆ ನೋಡಿ ನಗುತ್ತಿದೆ ಎಂದು ಸೊಸೆ ಒಳಗಿಂದ ಕೂಗಿ ಹೇಳಿದಳು. ಹೊನ್ನವ್ವನ ಕೈ ನಿಂತಿತು, ಬಳೆಯ ಸದ್ದೂ ನಿಂತಿತು. ಸ್ವಲ್ಪ ಹೊತ್ತಿಗೆ ಸೊಸೆ, ನಗು ನಿಲ್ಲಿಸಿತು ಎಂದಳು.

ಹೊನ್ನವ್ವ ಎದ್ದು ಒಂದೊಂದಾಗಿ ಬಳೆ ಕಳಚತೊಡಗಿದಳು. ಕಟ್ಟೆಯ ಮೇಲಿದ್ದ ಬಸಂತರಾಯನ ಮುಖ ಕಪ್ಪಿಟ್ಟಿತು.

“ನಾ ಇನ್ನಾ ಬದಕೇನಿ.”

“ಗೊತ್ತೈತಿ. ಸುಮ್ಕ ಕುಂದರ್ರಿ.”

ಬರಿಗೈಯಲ್ಲಿ, ಬೆಕ್ಕಿನಂತೆ ಸದ್ದಿಲ್ಲದೆ ಒಳಗೆ ಹೋಗಿ ದೀಪ ಹಿಡಿದಳು. ಎಡಕ್ಕೆ ಒಯ್ದಳು, ಬಲಕ್ಕೆ ಒಯ್ದಳು. ಕೂಸಿನ ಕಣ್ಣುಗಳು ಎತ್ತಲೋ ಅಲೆಯುತ್ತಿದ್ದವು. ಕೊನೆಗೆ ದೀಪ ಸರಿಸಿ ತನ್ನ ಮುಖವನ್ನೇ ಅದರ ಮುಖದ ಮೇಲೆ ಬಾಗಿಸಿ ಬಹಳ ಹೊತ್ತು ಕಾದಳು. ಕೂಸು ನಗಲಿಲ್ಲ.

“ಇದಕ ಕಾಣಂಗಿಲ್ಲವ್ವಾ,” ಎಂದಳು ಸೊಸೆಗೆ. “ಇನ್ನ ಯಾರೂ ಮಾತಾಡ್ಸಲಾರದ ಇದನ್ನ ಮುಟ್ಟಬ್ಯಾಡ್ರಿ. ಅಂಜತೈತಿ.”

ಇಂಥವರನ್ನು ಕಲ್ಲೆದೆಯವರೆಂದು ಊರು ಸುಲಭವಾಗಿ ಕರೆದುಬಿಡುತ್ತದೆ. ಮನೆಮಂದಿಯೆಲ್ಲ ಅಪ್ಪಿಕೊಂಡ ಸಮಾಧಾನವನ್ನು ತಮ್ಮ ಕೈಯಾರೆ ಮುರಿಯುವವರು ಎಂದೂ ಯಾರಿಗೂ ಪ್ರಿಯರಲ್ಲ. ಆದರೆ ನಾವೆಲ್ಲ ಕೂಸು ನಮ್ಮನ್ನು ನೋಡಲಿ ಎಂದು ಹಂಬಲಿಸುತ್ತಿರುವಾಗ, ಅವರು ಕೂಸನ್ನು ನೋಡುತ್ತಾರೆ.