ಮಡಿಸದ ಶಲ್ಯ

ನಮ್ಮ ಹೆಡ್ ಮೇಷ್ಟ್ರು ಗುರುಪಾದಸ್ವಾಮಿಯವರಿಗೆ ಮದರಾಸಿನ ಡಿಗ್ರಿ ಇತ್ತು. ಅದಕ್ಕೆ ಚೌಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ್ದರು. ತಲೆಯೊಳಗೆ ಇಳಿಯದ್ದು ಗೋಡೆಯ ಮೇಲಾದರೂ ಇರಲಿ ಎಂದಿರಬೇಕು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕೊಳ್ಳೇಗಾಲದ ಆ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು. ಅವರು ಹೇಳಿದ್ದಕ್ಕೆಲ್ಲ ಒಂಬತ್ತು ವರ್ಷ ತಲೆಯಾಡಿಸಿದವನು.

ನಲವತ್ತಾರನೇ ಇಸವಿಯಲ್ಲಿ ಹೆಣ್ಣುಮಕ್ಕಳ ತರಗತಿಗೆ ಪಾಠ ಹೇಳುವವರು ಬೇಕಾದರು. ಆ ಜಾಗವನ್ನು ಹೆಡ್ ಮೇಷ್ಟ್ರು ತಮ್ಮ ಬಾಮೈದನಿಗೆ ಎತ್ತಿಟ್ಟಿದ್ದರು. ಎರಡು ಸಲ ಡುಮ್ಕಿ ಹೊಡೆದಿದ್ದ ಆ ಮಹಾನುಭಾವ ಇಸ್ಪೀಟಿನಲ್ಲಿ ಮಾತ್ರ ಪಂಡಿತ. ಅಷ್ಟರಲ್ಲಿ ಹೊನ್ನೂರಿನ ಶಿವರತ್ನಮ್ಮ ಅರ್ಜಿ ಹಾಕಿದರು. ಮೈಸೂರು ಸೀಮೆಯಲ್ಲಿ ಪರೀಕ್ಷೆ ಪಾಸು ಮಾಡಿದ್ದವರು. ಗಂಡ ಸತ್ತ ಮೇಲೆ ನಮ್ಮೂರಿನ ನೇಕಾರರೊಬ್ಬರ ಮನೆಯಲ್ಲಿ ರೇಷ್ಮೆ ಸೀರೆ ಮಡಿಸುತ್ತಿದ್ದರು, ಈಗ ಅದೂ ನಿಂತುಹೋಗಿತ್ತು. ಈ ಕೆಲಸ ಸಿಗದಿದ್ದರೆ ಭಾವನ ಮನೆಗೆ ಹೋಗಿ ಸಗಣಿ ಬಾಚಬೇಕು, ಅವನು ಹಾಕಿದಷ್ಟು ಉಣ್ಣಬೇಕು.

ಸಂದರ್ಶನಕ್ಕೆ ಶಾಲಾ ಸಮಿತಿಯ ಪುಟ್ಟಬಸಪ್ಪನವರು ಬಂದು ಕೂತರು. ರೇಷ್ಮೆ ವ್ಯಾಪಾರದ ಸಾಹುಕಾರರು, ಕೊನೆಯ ಮಾತು ಅವರದು. ಲೆಕ್ಕದ ಮೇಷ್ಟ್ರೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

"ಎರಡರ ಘಾತ ಮೂರು ಎಷ್ಟಮ್ಮ?" ಎಂದರು ಹೆಡ್ ಮೇಷ್ಟ್ರು.

"ಎಂಟು ಸಾ. ಎರಡೆರಡ್ಲಿ ನಾಕು, ನಾಕೆರಡ್ಲಿ ಎಂಟು."

"ಘಾತ ಸೊನ್ನೆ?"

"ಒಂದು ಸಾ."

ಹೆಡ್ ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕರು. "ನೋಡಿದ್ರಾ ಸಾವ್ಕಾರ್ರೆ, ಮೈಸೂರು ಸೀಮೆ ಓದು. ಎರಡನ್ನ ಒಂದ್ಸಲಾನೂ ತಕಳ್ದೇ ಇದ್ರೆ ಏನಿರ್ತದೆ? ಸೊನ್ನೆ. ಅಲ್ವೇನ್ರೀ ಮೇಷ್ಟ್ರೇ?"

ನನಗೆ ಉತ್ತರ ಗೊತ್ತಿತ್ತು. ಪ್ರತಿ ವರ್ಷ ಅದನ್ನೇ ಪಾಠ ಮಾಡುತ್ತಿದ್ದೆ. ಆದರೆ ನನ್ನ ಬಡ್ತಿಯ ಕಾಗದ ಅವರ ಸಹಿಗೆ ಕಾದು ಅದೇ ಮೇಜಿನ ಮೇಲಿತ್ತು. ತಲೆಯಾಡಿಸಿದೆ.

ಶಿವರತ್ನಮ್ಮ ನನ್ನನ್ನೊಮ್ಮೆ ನೋಡಿದರು. ಆಮೇಲೆ, "ಸಾವ್ಕಾರ್ರೆ, ನಿಮ್ ಶಲ್ಯ ಒಸಿ ಮೇಜಿನ ಮ್ಯಾಲೆ ಇಡ್ತೀರಾ?" ಎಂದರು.

ಪುಟ್ಟಬಸಪ್ಪನವರು ಇಟ್ಟರು. ಆಕೆ ಅದನ್ನು ಹಾಸಿ, ನಡುವಿಗೆ ಸರಿಯಾಗಿ ಮಡಿಸಿದರು. "ಒಂದ್ ಮಡಿಕೆ, ಎರಡು ಪದರ. ಇನ್ನೊಂದು ಮಡಿಕೆ, ನಾಕು. ಮೂರನೇದು, ಎಂಟು. ಈಗ ಬಿಚ್ತೀನಿ. ಒಂದೊಂದು ಮಡಿಕೆ ಬಿಚ್ಚಿದಂಗೂ ಅರ್ಧ ಆಯ್ತದೆ. ನಾಕು, ಎರಡು. ಕೊನೇದನ್ನೂ ಬಿಚ್ಚುದ್ರೆ?" ಶಲ್ಯ ಮೇಜಿನ ತುಂಬ ಹರಡಿಕೊಂಡಿತು. "ಮಡಿಕೆ ಸೊನ್ನೆ ಸಾ. ಶಲ್ಯ ಎಲ್ಲೂ ಓಗ್ನಿಲ್ಲ, ಒಂದು ಪದರ ಅಂಗೇ ಅದೆ. ಮೂರ್ಮೂರಾಗಿ ಮಡಿಸುದ್ರೂ ಅಷ್ಟೇಯ. ಒಂಬತ್ತು, ಮೂರು, ಕೊನೆಗೆ ಒಂದು."

"ಬಟ್ಟೆಗೂ ಗಣಿತಕ್ಕೂ ಏನಮ್ಮ ಸಂಬಂಧ?" ಎಂದು ಹೆಡ್ ಮೇಷ್ಟ್ರು ಮೂಗು ಮುರಿದರು.

ಪುಟ್ಟಬಸಪ್ಪನವರು ಶಲ್ಯವನ್ನು ಹೆಗಲಿಗೇರಿಸಿಕೊಂಡರು. "ನಿಮ್ ಲೆಕ್ಕದಲ್ಲಿ ನಾನು ಮಡಿಸ್ದೇ ಇರೋ ಸೀರೆ ಮಾರುದ್ರೆ ಗಿರಾಕಿ ಬರಿಗೈಲಿ ಓಯ್ತಾನಾ ಹೆಡ್ ಮೇಷ್ಟ್ರೇ? ಈಯಮ್ಮನ್ನೇ ತಕಳಿ."

ಬಾಮೈದ ಇಸ್ಪೀಟಿಗೆ ಮರಳಿದ. ಹೆಡ್ ಮೇಷ್ಟ್ರ ಡಿಗ್ರಿ ಗೋಡೆಯ ಮೇಲೇ ಉಳಿಯಿತು. ತಲೆಯಾಡಿಸಿದ ಪುಣ್ಯಕ್ಕೆ ನನಗೆ ಬಡ್ತಿಯೂ ಬಂತು.

ಸೋಮವಾರ ಶಿವರತ್ನಮ್ಮ ತಮ್ಮ ತರಗತಿಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. "ಸಾ, ಅವತ್ತು ನಿಮ್ಗೆ ಉತ್ತರ ಗೊತ್ತಿತ್ತಾ?"

ಗೊತ್ತಿತ್ತು ಎಂದರೆ ಹೇಡಿ, ಗೊತ್ತಿರಲಿಲ್ಲ ಎಂದರೆ ದಡ್ಡ. ಬೆಂಚುಗಳಿಂದ ಹದಿನಾಲ್ಕು ಹುಡುಗಿಯರು ನೋಡುತ್ತಿದ್ದರು.

"ಗೊತ್ತಿರ್ಲಿಲ್ಲ ಕಣಮ್ಮ," ಎಂದೆ.

ಆಕೆಯ ಮುಖದಲ್ಲಿದ್ದ ಸಿಟ್ಟು ಇಳಿದು ಕನಿಕರ ಬಂತು. ನನಗೆ ಸಿಟ್ಟೇ ಮೇಲೆನಿಸಿತು. "ಅದ್ಕೇನಂತೆ ಬುಡಿ ಸಾ. ನಿಮ್ ಕರ್ಚೀಪು ಕೊಡಿ, ಹೇಳ್ಕೊಡ್ತೀನಿ."

ಕೊಟ್ಟೆ. ಆಕೆ ನಿಧಾನವಾಗಿ ಮೂರು ಸಲ ಮಡಿಸಿದರು, ನಿಧಾನವಾಗಿ ಮೂರು ಸಲ ಬಿಚ್ಚಿದರು. "ಈಗ ಎಷ್ಟು ಪದರ ಸಾ?"

"ಒಂದು," ಎಂದೆ.

"ಭೇಷ್," ಎಂದು ಕರ್ಚೀಪು ವಾಪಸು ಕೊಟ್ಟರು.